ಚರಗದ ಊಟಕ್ಕೆ ಕರೆಯಿಲ್ಲದೆ ಉಳಿದವರು

ತಿಕೋಟಾದಲ್ಲಿ ನಮ್ಮ ಕಾಕಾನ ದ್ರಾಕ್ಷಿ ತೋಟವಿದೆ. ಐದಾರು ವರ್ಷಗಳಿಂದ ಅಲ್ಲಿ ದುಡಿಯುವವರೆಲ್ಲ ಬಿಹಾರದವರು. ಊರು ಅವರಿಗೆ ಎಷ್ಟು ಬೇಗ ಹೊಂದಿಕೊಂಡಿತು ನೋಡಿ ಎಂದು, ವಿಜಯಪುರದಲ್ಲಿ ನೌಕರಿ ಮಾಡುವ ನಾನು ಆಫೀಸಿನಲ್ಲಿ ಭಾಷಣ ಬಿಗಿಯುತ್ತಿದ್ದೆ. ಯಾಕೆ ಹೊಂದಿಕೊಳ್ಳಬಾರದು? ಕಿರಾಣಿ ಅಂಗಡಿಗೆ ಸಾಸಿವೆ ಎಣ್ಣೆ ಬಂತು, ಕಟಿಂಗ್ ಅಂಗಡಿಗೆ ಭೋಜಪುರಿ ಹಾಡು ಬಂತು. ಕಾಕಾನಿಗೆ ಹಿಂದಿಯೂ ಬಂತು: ‘ಜಲ್ದಿ ಕರೋ’, ‘ಇಧರ್ ಆವೋ’, ‘ಛುಟ್ಟಿ ನಹೀ’. ಅವನಿಗೆ ಅಷ್ಟೇ ಸಾಕಾಗಿತ್ತು.

ಹೋದ ಎಳ್ಳ ಅಮಾವಾಸ್ಯೆಗೆ ಕಾರು ತುಂಬಿಕೊಂಡು ತೋಟಕ್ಕೆ ಹೋದೆವು. ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸಬೇಕೆಂದು ಸಜ್ಜಿ ರೊಟ್ಟಿ, ಕಡುಬು, ಪುಂಡಿ ಪಲ್ಯ ಎಲ್ಲ ಕಲಸಿ ನಾಲ್ಕೂ ದಿಕ್ಕಿಗೆ ಚರಗ ಚೆಲ್ಲಿದೆವು. ಆ ದಿನ ಕಣ್ಣಿಗೆ ಬಿದ್ದವರನ್ನು ಉಣ್ಣಿಸದೆ ಕಳಿಸುವ ಹಾಗಿಲ್ಲ. ಕಾಕಾ ರಸ್ತೆಗೇ ಹೋಗಿ, ಗುರುತಿಲ್ಲದ ಬೈಕಿನವರನ್ನೂ ತಡೆದು ಕೈಹಿಡಿದು ಎಳೆತಂದ. ಎಂಥ ದೊಡ್ಡ ಮನಸ್ಸಪ್ಪಾ ಇವನದು!

ಇಪ್ಪತ್ತು ಹೆಜ್ಜೆ ಆಚೆ, ತಗಡಿನ ಶೆಡ್ಡಿನ ಬಾಗಿಲಲ್ಲಿ ಕೆಲಸದವನೊಬ್ಬನ ಹೆಂಡತಿ ನಿಂತಿದ್ದಳು, ತುಂಬಿದ ಬಸುರಿ. ಕಡುಬಿನ ಬುಟ್ಟಿಯನ್ನೇ ನೋಡುತ್ತಿದ್ದಳು. ಯಾರೂ ಕರೆಯಲಿಲ್ಲ. ದೃಷ್ಟಿಯಾದೀತೆಂದು ಕಾಕಾನ ಹೆಂಡತಿ, ನಮ್ಮ ಕಾಕು, ಬುಟ್ಟಿಗೆ ಅರಿವೆ ಮುಚ್ಚಿದಳು. ನಾನು? ರೊಟ್ಟಿ ಹಿಡಿದುಕೊಂಡೇ ಆ ಕಡೆ ಬೆನ್ನು ಮಾಡಿ ಕೂತೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮರುದಿನ ಶೆಡ್ಡು ಖಾಲಿ. ಅಲ್ಲಿದ್ದ ಆರೂ ಜನ ಹೋಗಿಬಿಟ್ಟಿದ್ದರು. ಗೊನೆಗಳನ್ನು ಔಷಧಿಯಲ್ಲಿ ಅದ್ದುವ ಹೊತ್ತು. ಎರಡು ದಿನ ತಡವಾದರೆ ವರ್ಷದ ಬೆಳೆಯೇ ಕೆಡುತ್ತದೆ. ಕಾಕಾ ಎದ್ದೆನೋ ಬಿದ್ದೆನೋ ಎಂದು ಮೊದಲ ಬಸ್ಸು ಹಿಡಿದು ನನ್ನ ಮನೆಗೆ ಬಂದ. ಒಲಿಸಿ ಕರೆಸಿಕೊಳ್ಳುವಷ್ಟು ಹಿಂದಿ ಅವನಿಗೆ ಬರುತ್ತಿರಲಿಲ್ಲವಲ್ಲ, ಫೋನ್ ನನ್ನ ಕೈಗೆ ಕೊಟ್ಟ.

ಆ ಬಸುರಿಯ ಗಂಡ ಫೋನಿನಲ್ಲಿ ಸಿಕ್ಕ. ನಿಡೋಣಿಯಲ್ಲಿದ್ದಾನಂತೆ. ಅಲ್ಲೊಂದು ತೋಟದಲ್ಲಿ ದುಡಿಯುವ ಅವನ ಅಣ್ಣ ಹಬ್ಬದ ಸಂಜೆ ಎಲ್ಲರನ್ನೂ ಕರೆಸಿಕೊಂಡನಂತೆ. ಆ ತೋಟದವರು ಇವರನ್ನೂ ಪಂಕ್ತಿಯಲ್ಲಿ ಕೂಡಿಸಿ, ಇವನ ಹೆಂಡತಿಗೆ ಕಡುಬು ಬಡಿಸಿ ಉಡಿ ತುಂಬಿದರಂತೆ. ಹೆರುವುದಾದರೆ ಇಲ್ಲೇ ಎಂದು ಆಕೆ ಹಟ ಹಿಡಿದಿದ್ದಾಳೆ, ಇನ್ನು ತಿಕೋಟಾಕ್ಕೆ ಬರುವುದಿಲ್ಲ ಎಂದ.

ಕಾಕಾನಿಗೆ ಹೇಳಿದೆ. ಅವನು ಒಂದಿಷ್ಟೂ ಅಳುಕಲಿಲ್ಲ.

“ಅವರು ನಮ್ಮ ಮನಿ ಮಂದಿನ ಅಲ್ಲೇನು? ಮನಿ ಮಂದೀನ ಯಾರರ ಊಟಕ್ಕ ಕರೀತಾರೇನಂತ ಕೇಳಪಾ ಅವಂಗ.”

ಅದನ್ನು ನಾನು ಹಿಂದಿಗೆ ತರಲಿಲ್ಲ. ನಿನ್ನ ಹೆಂಡತಿ ಆರಾಮಾಗಿದ್ದಾಳೇನು ಎಂದಷ್ಟೇ ಕೇಳಿದೆ.

“ನಿನ್ನೆ ನೀವೂ ನೋಡಿದಿರಲ್ಲ ಸಾಹೇಬರೇ” ಎಂದು ಅವನು ಫೋನ್ ಇಟ್ಟ.