ಮೇಸ್ತ್ರಿಯ ಬೇಸ್‌ಬಾಲ್ ತಂಡ

ಕೊಲ್ಲಿ ನಾಡಿನ ಶುವೈಖ್‌ನ ನಮ್ಮ ಗ್ಯಾರೇಜಿನಲ್ಲಿ ಹುಬ್ಬಳ್ಳಿ ಕಡೆಯ ಮೇಸ್ತ್ರಿಯೊಬ್ಬರಿದ್ದರು. ಅಮೆರಿಕನ್ ಸೈನಿಕರಿಗಾಗಿ ನಡೆಸುತ್ತಿದ್ದ ರೇಡಿಯೊದಲ್ಲಿ, ಹಿಂದಿನ ದಿನ ಸಣ್ಣ ಊರುಗಳ ತಂಡಗಳು ಆಡಿದ ಬೇಸ್‌ಬಾಲ್ ಪಂದ್ಯದ ಕಾಮೆಂಟರಿ ಬೆಳಿಗ್ಗೆ ಬರುತ್ತಿತ್ತು. ಅದರಲ್ಲಿ ಸದಾ ಸೋಲುವ ತಂಡವೊಂದನ್ನು ಇವರು ದತ್ತು ತೆಗೆದುಕೊಂಡಿದ್ದರು. ಆಟವನ್ನೆಲ್ಲ ಅರ್ಥಮಾಡಿಕೊಂಡಿದ್ದು ಮಾತ್ರ ಕ್ರಿಕೆಟ್ಟಿನ ಲೆಕ್ಕದಲ್ಲೇ. ನಾನು ನಕ್ಕರೆ ಸ್ಪ್ಯಾನರ್ ಎತ್ತಿ, “ತಡೀರಿ, ಇನ್ನೂ ಆಟ ಐತ್ರೀ” ಎನ್ನುವರು.

ಒಂದು ದಿನ ಕಾರು ಒಯ್ಯಲು ಬಂದ ಅಮೆರಿಕನ್ ಗಿರಾಕಿ ಆ ತಂಡದ ಊರಿನವನೇ. ಆಗ ರೇಡಿಯೊದಲ್ಲಿ ಬರುತ್ತಿದ್ದ ಪಂದ್ಯದ ಫಲಿತಾಂಶ ತನಗೆ ಗೊತ್ತೆಂದು ಬಾಯಿ ತೆರೆದ. ಮೇಸ್ತ್ರಿ ಅವನ ಕಾರಿನ ಕೀಲಿಯನ್ನು ಜೇಬಿಗಿಳಿಸಿ, “ಹೇಳಿದ್ರ ಗಾಡಿ ಕೊಡಂಗಿಲ್ಲ ಅಂತ ಹೇಳ್ರಿ ಅವಂಗ!” ಎಂದು ನನ್ನನ್ನು ಗದರಿದರು. ಪಾಪ, ಅವನು ಹಳೆಯ ಟೈರಿನ ಮೇಲೆ ಕೂತ.

ನಿಗದಿಯಾದ ಒಂಬತ್ತು ಸರದಿ ಮುಗಿದಾಗ ಎರಡೂ ತಂಡಗಳು ಸಮ. ಮೇಸ್ತ್ರಿ ಕುಣಿದೇಬಿಟ್ಟರು. “ಡ್ರಾ ಆತು! ಈ ಸಲ ನಮ್ಮವರು ಸೋಲಲಿಲ್ಲ ನೋಡ್ರಿ! ಖಲಾಸ್!” ಎಂದು ಎಲ್ಲರಿಗೂ ಖರ್ಜೂರ ಹಂಚಿದರು.

ಬೇಸ್‌ಬಾಲಿನಲ್ಲಿ ಡ್ರಾ ಇಲ್ಲ, ಒಬ್ಬರು ಗೆಲ್ಲುವವರೆಗೂ ಆಡುತ್ತಾರೆ ಎಂಬುದು ಗಿರಾಕಿಗೆ ಗೊತ್ತಿತ್ತು. ಕೊನೆಗೆ ಸೋತವರು ಯಾರೆಂಬುದೂ. ರೇಡಿಯೊದಲ್ಲಿ ಹತ್ತನೇ ಸರದಿ ಶುರುವಾಗುತ್ತಿತ್ತು. ಅವನು ಖರ್ಜೂರವನ್ನು ಬಾಯಿಗೆ ಹಾಕಿಕೊಂಡು ಎದ್ದುಹೋಗಿ ರೇಡಿಯೊ ಆರಿಸಿದ. ಆಮೇಲೆ ಮೇಸ್ತ್ರಿಯ ಗ್ರೀಸ್ ಮೆತ್ತಿದ ಕೈಯನ್ನು ಜೋರಾಗಿ ಕುಲುಕಿದ.