ಕೌದಿಯ ಹೊಟ್ಟೆಯೊಳಗಿನ ರೊಟ್ಟಿ

ಮೊನ್ನೆ ಬೆಳಿಗ್ಗೆ ಹಂಚಿನ ಮೇಲೆ ರೊಟ್ಟಿ ಹಾಕಿ, ಮೊಬೈಲಿಗೆ ಬಂದ ಮೆಸೇಜು ಓದುತ್ತ ನಿಂತೆ. ತಲೆ ಎತ್ತುವಷ್ಟರಲ್ಲಿ ರೊಟ್ಟಿಯ ಒಂದು ಮಗ್ಗುಲು ಕಪ್ಪಾಗಿ, ಅಡುಗೆಮನೆ ತುಂಬ ಜೋಳದ ಹಿಟ್ಟು ಸೀದ ವಾಸನೆ. ಕಿಟಕಿ ತೆಗೆಯಬೇಕಿತ್ತು, ತೆಗೆಯಲಿಲ್ಲ. ಆ ವಾಸನೆಯ ಜೊತೆ ಶಿಗ್ಗಾಂವಿಯ ಒಂದು ಕಂಪ್ಯೂಟರ್ ಕ್ಲಾಸು, ಅದರ ಹಳೆಯ ಸ್ಕ್ಯಾನರು, ಅದರ ಮುಂದೆ ಸೆರಗು ಸಿಗಿಸಿ ನಿಂತ ನಮ್ಮ ಅಕ್ಕೋರು ಎಲ್ಲ ಒಟ್ಟಿಗೇ ಬಂದುಬಿಟ್ಟರು...

ಕಲಿಸಿದವರಿಗೆ ನಮ್ಮಲ್ಲಿ ಅಕ್ಕೋರು ಅನ್ನುವುದು. ನಾನು ಅವರ ಹೆಸರು ಹಿಡಿದದ್ದೇ ಇಲ್ಲ. ಪಿಯುಸಿ ಮುಗಿಸಿ ದುಂಡಸಿಯಿಂದ ಬಸ್ಸು ಹಿಡಿದು ಟೈಪಿಂಗ್ ಕಲಿಯಲು ಹೋದವಳು, ಕಲಿತ ಮೇಲೂ ಅಲ್ಲೇ ಉಳಿದೆ. ಉಳಿದವಳು ನಾನೊಬ್ಬಳೇ. ಮೊಬೈಲು ಕೈಗೆ ಬಂದ ಮೇಲೆ ಕಂಪ್ಯೂಟರ್ ಕ್ಲಾಸಿಗೆ ಯಾರು ಬರುತ್ತಾರೆ? ಕ್ಲಾಸು ಇದ್ದದ್ದು ಅವರ ಮನೆಯ ಮುಂದಿನ ಖೋಲಿಯಲ್ಲಿ. ಅವರ ಭಾವನವರಿಗೆ ಆ ಖೋಲಿಯ ಮೇಲೆ ಕಣ್ಣಿತ್ತು, ಗೊಬ್ಬರದ ಚೀಲ ಇಡಲು. ಖಾಲಿ ಕುರ್ಚಿಗಳನ್ನು ನೋಡಿದಾಗಲೆಲ್ಲ ಚೀಲದ ಮಾತು ಎತ್ತುತ್ತಿದ್ದರು. ಅಕ್ಕೋರು ಮುಂದಿನ ಮಳೆಗಾಲದ ತನಕ ತಡೆಯಿರಿ ಎಂದು ಕೇಳಿಕೊಂಡಿದ್ದರು. ಅಷ್ಟರಲ್ಲಿ ಆ ಖೋಲಿಗೊಂದು ಕೆಲಸ ಹುಡುಕಲೇಬೇಕಿತ್ತು.

ಹುಡುಕಿದರು. ದೂರದೇಶದ ಹೆಣ್ಣುಮಕ್ಕಳಿಗೆ ಫೋಟೋ ಆಲ್ಬಮ್ಮು ಸಿಂಗರಿಸುವ ಹುಚ್ಚು ಬಹಳವಂತೆ. ಫೋಟೋದ ಸುತ್ತ ಲೇಸು, ಗುಂಡಿ, ರಿಬ್ಬನ್ನು, ಹೊಲಿಗೆಯ ಅಂಚು ಅಂಟಿಸುತ್ತಾರೆ. ಈಗ ಅದನ್ನೂ ಕಂಪ್ಯೂಟರಿನಲ್ಲೇ ಮಾಡುತ್ತಾರೆ. ಗುಂಡಿ ಬೇಡ, ಗುಂಡಿಯ ಚಿತ್ರ ಸಾಕು. ಅಂಥ ಚಿತ್ರಗಳನ್ನು ಮಾಡಿ ಇಂಟರ್‌ನೆಟ್ಟಿನಲ್ಲಿ ಮಾರುವವರು ಇದ್ದರು. ಅವರಲ್ಲಿ ಬಹಳ ಮಂದಿ ಒಂದೊಂದನ್ನೂ ಕೂತು ಬರೆಯುತ್ತಿದ್ದರು. ನಮ್ಮ ಅಕ್ಕೋರಿಗೆ ಅಷ್ಟು ತಾಳ್ಮೆ ಎಲ್ಲಿಯದು? ಅವರು ಸ್ಕ್ರಿಪ್ಟು ಬರೆದರು. ಮೊದಲು ಇದು ಮಾಡು, ಆಮೇಲೆ ಅದು ಮಾಡು ಎಂದು ಕಂಪ್ಯೂಟರಿಗೆ ಸಾಲು ಸಾಲಾಗಿ ಬರೆದುಕೊಟ್ಟ ಹುಕುಂ ಅದು. ಒಮ್ಮೆ ಓಡಿಸಿ ಚಹಾ ಕುಡಿದು ಬರುವಷ್ಟರಲ್ಲಿ ತಾಟಿನ ತುಂಬ ಗುಂಡಿ ತಯಾರು, ಒಂದರ ಹಾಗೆ ಇನ್ನೊಂದಿಲ್ಲ.

ಆದರೆ ಗುಂಡಿ, ರಿಬ್ಬನ್ನು ಎಲ್ಲರ ಹತ್ತಿರವೂ ಇದ್ದವು. ನಮ್ಮದು ಅನ್ನುವಂಥದ್ದು ಬೇಕು ಎಂದು ತಲೆ ಕೆಡಿಸಿಕೊಂಡು ಕೊನೆಗೆ ಹಳೆಯ ಅರಿವೆಯ ತುಂಡು ಜೋಡಿಸಿ ಹೊಲಿಯುವ ಕೌದಿಗೆ ಬಂದು ನಿಂತರು. ನಾನು ನಮ್ಮವ್ವನ ಅರಿವೆ ಗಂಟನ್ನೇ ಬಸ್ಸಿನಲ್ಲಿ ಹೊತ್ತು ತಂದೆ. ಇಳಕಲ್ ಸೀರೆಯ ದಡಿ, ಖಣದ ತುಂಡು, ಅಪ್ಪನ ಹಳೆಯ ಧೋತರ, ನನ್ನ ಸಾಲಿಯ ಯೂನಿಫಾರ್ಮಿನ ನೀಲಿ ಲಂಗ... ಎಲ್ಲವನ್ನೂ ಸ್ಕ್ಯಾನ್ ಮಾಡಿದೆವು. ಸ್ಕ್ರಿಪ್ಟು ಆ ತುಂಡುಗಳನ್ನು ತಾನೇ ಆರಿಸಿ, ಕತ್ತರಿಸಿ, ಜೋಡಿಸಿ, ಅಂಚಿನಿಂದ ಒಳಗೆ ಸುತ್ತು ಸುತ್ತಾಗಿ ಹೊಲಿಗೆ ಹಾಕುತ್ತ ನಡುವಿಗೆ ಬಂದು ನಿಲ್ಲುತ್ತಿತ್ತು. ಒಂದು ಹೊಲಿಗೆ ಉದ್ದ, ಒಂದು ಗಿಡ್ಡ, ಥೇಟು ಕೈಯಲ್ಲಿ ಹೊಲಿದ ಹಾಗೆ. ನನ್ನ ಸಾಲಿಯ ಲಂಗ ಪರದೆಯ ಮೇಲೆ, ಫೋಟೋ ಕೂರಿಸುವ ಹಾಳೆಯ ತುಂಬ, ಕೌದಿಯಾಗಿ ಮೂಡಿದ್ದನ್ನು ನೋಡಿ ನನಗೆ ಎಲ್ಲಿಲ್ಲದ ಸಂಭ್ರಮ.

ಅಕ್ಕೋರು ಮಾತ್ರ ಗಲ್ಲಕ್ಕೆ ಕೈ ಹಚ್ಚಿ ಕೂತಿದ್ದರು. ಇದರ ಹೊಟ್ಟೆ ತುಂಬಿಸಲಿಲ್ಲವಲ್ಲ, ಅಂದರು.

ಕೌದಿಯ ಕೊನೆಯ ಮಗ್ಗುಲು ಮುಚ್ಚುವ ಮೊದಲು ಒಳಗೆ ಒಂದು ಚೂರು ರೊಟ್ಟಿ ಇಡುವುದು ನಮ್ಮಿಬ್ಬರ ಮನೆಯಲ್ಲೂ ಇದ್ದ ರೂಢಿ. ಹಸಿದ ಕೌದಿ ಮಂದಿಯನ್ನು ಬೆಚ್ಚಗಿಡುವುದಿಲ್ಲ ಎಂದು ನಮ್ಮವ್ವನೂ ಹೇಳುತ್ತಿದ್ದಳು. ಆದರೆ ಅದನ್ನು ಕಂಪ್ಯೂಟರಿಗೆ ತರುತ್ತಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಅಕ್ಕೋರು ಎದ್ದು ಒಳಗೆ ಹೋಗಿ ರೊಟ್ಟಿ ಬಡಿದರು. ಸ್ಕ್ರಿಪ್ಟು ಬರೆಯುವ ಕೈಗೆ ರೊಟ್ಟಿ ಒಲಿದಿರಲಿಲ್ಲ, ಅಂಚೆಲ್ಲ ಸೀಳು. ಧ್ಯಾನವೆಲ್ಲ ಕಂಪ್ಯೂಟರಿನ ಮೇಲಿದ್ದದ್ದಕ್ಕೆ ಒಂದು ಮಗ್ಗುಲು ಸೀದೂ ಹೋಯಿತು. ಬಿಸಿ ಆರಿಸಿ ಅದನ್ನೇ ತಂದು ಸ್ಕ್ಯಾನರಿನ ಗಾಜಿನ ಮೇಲೆ ಮಲಗಿಸಿ ಮುಚ್ಚಳ ಒತ್ತಿದರು. ಖೋಲಿ ತುಂಬ ಸೀದ ವಾಸನೆ. ಮುಂದೆ ಬಹಳ ದಿನ ಆ ಸ್ಕ್ಯಾನರಿನಿಂದ ಇರುವೆಗಳ ಸಾಲು ಹೊರಡುತ್ತಿತ್ತು.

ಮೊದಲ ಸಲ ಓಡಿಸಿದಾಗ ರೊಟ್ಟಿ ಕೌದಿಯ ಒಳಗೆ ಹೋಗುವ ಬದಲು ಮೇಲೆ ಬಂದು ಕೂತಿತು. ಒಂದೊಂದು ಹಾಳೆಯೂ ಊಟಕ್ಕೆ ಬಡಿಸಿಟ್ಟಂತೆ! ಪಲ್ಯ ಒಂದು ಕಡಿಮೆ ಎಂದು ನಾವಿಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು. ಆಮೇಲೆ ಅಕ್ಕೋರು ಸಾಲುಗಳನ್ನು ಹಿಂದೆಮುಂದೆ ಮಾಡಿ ಅದನ್ನು ಮೇಲಿನ ಅರಿವೆಯ ಕೆಳಗೆ ಕಳಿಸಿದರು. ದಿಟ್ಟಿಸಿ ನೋಡಿದರೆ ಮಾತ್ರ ನಡುವೆ ಒಂದು ಗುಂಡನೆಯ ಕಂದು ನೆರಳು ಕಾಣುತ್ತಿತ್ತು.

ಇಂಥ ಚಿತ್ರಗಳನ್ನು ಮಾರುವ ದೊಡ್ಡದೊಂದು ಇಂಟರ್‌ನೆಟ್ ಅಂಗಡಿಗೆ ಕಳಿಸಿದೆವು. ಕೌದಿ ಬಹಳ ಹಿಡಿಸಿದೆ, ಆದರೆ ಎಲ್ಲ ಹಾಳೆಯ ನಡುವೆಯೂ ಒಂದು ಕಲೆ ಇದೆ, ಅದನ್ನು ತೆಗೆದು ಕಳಿಸಿದರೆ ಕೂಡಲೇ ಮಾರಾಟಕ್ಕೆ ಇಡುತ್ತೇವೆ ಎಂದು ಉತ್ತರ ಬಂತು. ಅಷ್ಟೊತ್ತಿಗೆ ಮಳೆಗಾಲ ಬಾಗಿಲಿಗೆ ಬಂದಿತ್ತು. ಭಾವನವರು ಖೋಲಿಯ ಅಳತೆಯನ್ನೂ ತೆಗೆದುಕೊಂಡು ಹೋಗಿದ್ದರು. ನನಗೆ ಜೀವ ತಡೆಯಲಿಲ್ಲ.

‘ಅಕ್ಕೋರ, ಒಂದ ಸಾಲು ಅಳಿಸಿದ್ರ ಮುಗೀತಲ್ರಿ. ಕಂಪ್ಯೂಟರ್ ಕೌದಿಗೆ ಎಲ್ಲೀ ಹಸಿವ್ರಿ?’ ಅಂದೆ.

ಅವರು ಸಿಟ್ಟಾಗಲಿಲ್ಲ. ಪರದೆಯ ಮೇಲಿನ ಆ ನೆರಳನ್ನು ಬೆರಳಿನಿಂದ ಮುಟ್ಟಿದರು.

‘ಹೊಚಗೊಳ್ಳೂ ಕೌದಿ ಆಗಿದ್ರ ರೊಟ್ಟಿ ಕೈಗರ ಹತ್ತತಿತ್ತು. ಇದು ಕೈಗೆ ಹತ್ತಂಗಿಲ್ಲ, ಕಣ್ಣಿಗರ ಕಾಣಬೇಕಲ್ಲ? ಖಾಲಿ ಹೊಟ್ಟೀಲೆ ನಾ ಇದನ್ನ ಮನಿ ಬಿಟ್ಟು ಕಳಸಂಗಿಲ್ಲ ತಂಗಿ.’

ಅಂಗಡಿಗೆ ಅದನ್ನೇ ಬರೆದರು. ಅಲ್ಲಿಂದ ಮತ್ತೆ ಉತ್ತರ ಬರಲಿಲ್ಲ. ಅಕ್ಕೋರು ಆ ಹಾಳೆಗಳನ್ನು ತಾವೇ ಇಂಟರ್‌ನೆಟ್ಟಿನ ಒಂದು ಸಣ್ಣ ಜಾಗದಲ್ಲಿ ಮಾರಾಟಕ್ಕಿಟ್ಟು, ರೊಟ್ಟಿಯ ಕತೆಯನ್ನು ಕೆಳಗೆ ಬರೆದರು. ಮಳೆ ಹಿಡಿಯಿತು. ಗೊಬ್ಬರದ ಮೊದಲ ಚೀಲಗಳು ಕಟ್ಟೆಯ ಮೇಲೆ ಬಂದು ಕೂತವು. ಅಕ್ಕೋರು ಅವನ್ನು ದಾಟಿಕೊಂಡು ಬಂದು ದಿನಾ ಕಂಪ್ಯೂಟರು ತೆರೆಯುತ್ತಿದ್ದರು, ಏನೂ ಇಲ್ಲ ಎಂದು ನನ್ನ ಕಡೆ ತಲೆ ಅಲ್ಲಾಡಿಸುತ್ತಿದ್ದರು...

ಒಂದು ದಿನ ಯಾರೋ ಹಾಳೆಗಳನ್ನು ಕೊಂಡರು, ಸ್ವಲ್ಪ ದಿನಕ್ಕೆ ಒಂದು ಫೋಟೋ ಬಂತು. ನಾವು ಕಾಣದ ಯಾವುದೋ ದೇಶದ ಅಜ್ಜಿಯೊಬ್ಬರು ನಮ್ಮ ಹಾಳೆಗಳ ಮೇಲೆ ಮೊಮ್ಮಗಳ ಆಲ್ಬಮ್ಮು ಮಾಡಿದ್ದರು. ಕೂಸಿನ ಫೋಟೋಗಳು ಸುತ್ತಲೂ ಅಂಚಿಗೆ ಸರಿದು ನಿಂತಿದ್ದವು. ನಟ್ಟನಡುವೆ ರೊಟ್ಟಿಯ ನೆರಳಿದ್ದಷ್ಟು ಜಾಗವನ್ನು ಪ್ರತಿ ಹಾಳೆಯಲ್ಲೂ ಖಾಲಿ ಬಿಟ್ಟಿದ್ದರು. ಒಂದು ಕಡೆಯೂ ಮುಚ್ಚಿರಲಿಲ್ಲ. ಅಕ್ಕೋರು ಓದಿ ಹೇಳಿದರು, ಇನ್ನೂ ಬೇಕು, ಗೆಳತಿಯರಿಗೂ ಬೇಕು ಎಂದು ಅಜ್ಜಿ ಬರೆದಿದ್ದರಂತೆ.

ಅವತ್ತು ಅಕ್ಕೋರು ನಡೆದ ಠೀವಿಯನ್ನು ನೀವು ನೋಡಬೇಕಿತ್ತು. ಆ ಫೋಟೋ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ ಭಾವನವರನ್ನು ಕೈಹಿಡಿದೇ ಕರೆತಂದು ತೋರಿಸಿದರು. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಸಂಜೆ ಆಳು ಬಂದು ಕಟ್ಟೆಯ ಮೇಲಿನ ಚೀಲಗಳನ್ನು ಹಿತ್ತಲಿಗೆ ಸಾಗಿಸಿದ. ಆ ಖೋಲಿಯ ಬಾಗಿಲು ಅಕ್ಕೋರು ಇರುವ ತನಕ ಮುಚ್ಚಲಿಲ್ಲ. ಅಲ್ಲಿ ಕಲಿತವಳು ಎಂದು ಹೇಳಿಕೊಳ್ಳಲು ನನಗೆ ಇವತ್ತಿಗೂ ಎದೆಯುಬ್ಬುತ್ತದೆ.

ನಾನು ಮದುವೆಯಾಗಿ ಹಂಸಭಾವಿಗೆ ಬರುವಾಗ ಅಕ್ಕೋರು ಉಡಿ ತುಂಬಿ, ಅಕ್ಕಿಯ ಜೊತೆ ಒಂದು ಪೆನ್‌ಡ್ರೈವ್ ಹಾಕಿದರು. ಅದರಲ್ಲಿ ಆ ಸ್ಕ್ರಿಪ್ಟಿತ್ತು. ಈಗ ನಾನೂ ಅದೇ ಕೆಲಸ ಮಾಡುತ್ತೇನೆ, ಸುತ್ತಲಿನ ಸ್ಟುಡಿಯೋಗಳಿಗೆ ಆಲ್ಬಮ್ ಮಾಡಿಕೊಡುತ್ತೇನೆ. ಅಕ್ಕೋರು ಕಾಯಿಲೆ ಬಿದ್ದು ತೀರಿಹೋದ ಮೇಲೆ ಹೊಸ ಕಂಪ್ಯೂಟರಿನಲ್ಲಿ ಸ್ಕ್ರಿಪ್ಟು ಓಡದೆ ನಿಂತಿತ್ತು. ಕೇಳೋಣವೆಂದರೆ ಯಾರನ್ನು ಕೇಳುವುದು? ಅಳುತ್ತಲೇ ಒಂದೊಂದು ಸಾಲನ್ನೂ ನಾನೇ ಸರಿಪಡಿಸಿದೆ. ರೊಟ್ಟಿಯ ಸಾಲನ್ನು ಮಾತ್ರ ಮುಟ್ಟಲಿಲ್ಲ.

ಮೊನ್ನೆ ರೊಟ್ಟಿ ಸೀಯಿಸಿದ ಮೆಸೇಜು ಹಾನಗಲ್ಲಿನ ಸ್ಟುಡಿಯೋದವರದು. ತೊಟ್ಟಿಲ ಕಾರ್ಯದ ಆಲ್ಬಮ್ಮಿಗೆ ಕಳಿಸಿದ ಕೌದಿ ಹಾಳೆಯ ನಡುವೆ ಒಂದು ಕಲೆ ಕಾಣುತ್ತದೆ, ತೆಗೆದುಕೊಡಿ ಎಂದಿತ್ತು. ಫೋನು ಮಾಡಿದೆ.

‘ಅದು ಕಲಿ ಅಲ್ರಿ, ರೊಟ್ಟಿ. ಕೌದಿ ಹೊಟ್ಟ್ಯಾಗ ಇಡತಾರಲ್ರಿ, ಅದು’ ಅಂದೆ.

ಆ ಕಡೆ ಹಾಳೆಯನ್ನು ಮತ್ತೆ ತೆರೆದ ಮೌಸಿನ ಸದ್ದು ಕೇಳಿಸಿತು.

‘ಹಂಗಾರ ಇರಲಿ ಬಿಡ್ರಿ. ನಮ್ಮವ್ವನೂ ಇಡತಿದ್ಲು.’

ಫೋನು ಇಟ್ಟ ಕೂಡಲೇ ಇದನ್ನು ಅಕ್ಕೋರಿಗೆ ಹೇಳಬೇಕು ಅನ್ನಿಸಿತು. ಹೇಳಲು ಅವರಿಲ್ಲ... ಕಂಪ್ಯೂಟರು ತೆರೆದು ಸ್ಕ್ರಿಪ್ಟಿನ ಜೊತೆಗಿರುವ ರೊಟ್ಟಿಯ ಚಿತ್ರವನ್ನು ದೊಡ್ಡದು ಮಾಡಿದೆ. ನನ್ನ ರೊಟ್ಟಿ ಅದಕ್ಕಿಂತ ಎಷ್ಟೋ ಗುಂಡಗೆ ಬರುತ್ತದೆ, ಆದರೂ ಬದಲಿಸಿಲ್ಲ. ಸೀದ ಮಗ್ಗುಲಿನ ಪಕ್ಕದಲ್ಲಿ, ಸೀಳಿದ ಅಂಚಿನ ಹತ್ತಿರ, ಬಡಿಯುವಾಗ ಒತ್ತಿದ ಅವರ ಬೆರಳುಗಳು ಹಾಗೇ ಮೂಡಿವೆ. ಪರದೆಯ ಮೇಲೆಯೇ ಅವನ್ನು ಬೆರಳಿನಿಂದ ಮುಟ್ಟಿದೆ. ಆಮೇಲೆ ಉಳಿದ ಹಾಳೆಗಳನ್ನು ಓಡಿಸಿ ಹಾನಗಲ್ಲಿಗೆ ಕಳಿಸಿದೆ.