ಪುಸ್ತಕಕ್ಕೆ ಹಾಕಿದ ಹೊಗೆ

ಮೊನ್ನೆ ಪಕ್ಕದ ಮನೆಯವರು ಸೊಳ್ಳೆ ಕಾಟಕ್ಕೆ ತೆಂಗಿನ ಮಟ್ಟೆ ಹೊತ್ತಿಸಿ ಹೊಗೆ ಹಾಕಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಎದ್ದು ಕಿಟಕಿ ಮುಚ್ಚಿದೆ. ಸೊಸೆಗೆ ಅರ್ಥವಾಗಲಿಲ್ಲ. ನನಗೆ ನಮ್ಮ ಲೈಬ್ರರಿ ಮಾವ ನೆನಪಾಗಿದ್ದರು...

ಎಂಬತ್ತರ ದಶಕದ ಮೊದಲ ವರ್ಷಗಳು. ನಮ್ಮೂರಿನ ಲೈಬ್ರರಿ ಎಂದರೆ ಹಳೆಯ ಕೊಬ್ಬರಿ ಮಂಡಿಯ ಒಂದು ಕೋಣೆ. ಅದನ್ನು ನೋಡಿಕೊಳ್ಳುತ್ತಿದ್ದ ಮಾವ ಹಂದನಕೆರೆ ಕಡೆಯಿಂದ ಬಂದು ನಮ್ಮ ಬೀದಿಯಲ್ಲೇ ನೆಲೆಸಿದವರು. ಹಾಳೆಯ ಮೂಲೆ ಮಡಚಿದರೆ ಸಾಕು, ಮುಖ ಸಿಂಡರಿಸುತ್ತಿದ್ದರು. ಮದುವೆ ಗೊತ್ತಾದ ಹುಡುಗಿಗೆ ಓದು ಯಾಕೆ ಎಂದು ನಮ್ಮಪ್ಪ ಗೊಣಗಿದಾಗ, "ಓದ್ಲಿ ಬುಡಿ, ನಿಮ್ ಗಂಟೇನ್ ಹೋಯ್ತದೆ" ಎಂದು ನನ್ನ ಪರ ವಹಿಸಿದವರು ಅವರೊಬ್ಬರೇ.

ಲೈಬ್ರರಿಗೆ ಐವತ್ತು ವರ್ಷ ತುಂಬುತ್ತಿತ್ತು. ತಿಪಟೂರಿನಿಂದ ದೊಡ್ಡ ಮನುಷ್ಯರೊಬ್ಬರು ಬಂದು ಪುಸ್ತಕಗಳನ್ನು ನೋಡುವವರಿದ್ದರು. ಆಗಲೇ ಕಪಾಟುಗಳಿಗೆ ಹುಳ ಹಿಡಿದದ್ದು ಮಾವನ ಕಣ್ಣಿಗೆ ಬಿತ್ತು. ನಮ್ಮ ಕಡೆ ಕೊಬ್ಬರಿಗೆಂದು ಅಟ್ಟದಲ್ಲಿಟ್ಟ ಕಾಯಿಗೆ ಹುಳ ಬೀಳದಿರಲೆಂದು ಕೆಳಗೆ ಮಟ್ಟೆ ಹೊಗೆ ಹಾಕುತ್ತಾರೆ. ಮಾವನೂ ಅದನ್ನೇ ಮಾಡಿದರು. ಬಾಣಲೆಯಲ್ಲಿ ಮಟ್ಟೆಯ ಕೆಂಡವಿಟ್ಟು, ಹೊಗೆ ಹೊರಗೆ ಹೋಗದಿರಲೆಂದು ಬಾಗಿಲು ಎಳೆದುಕೊಂಡು ಊಟಕ್ಕೆ ಹೋದರು. ಕಾಯಿಗಾದರೆ ಚಿಪ್ಪಿದೆ, ಕಾಗದಕ್ಕೇನಿದೆ? ಅವರು ತುತ್ತು ಬಾಯಿಗಿಡುವಷ್ಟರಲ್ಲಿ ಹೆಂಚಿನ ಸಂದಿಯಿಂದ ಉರಿ ಎದ್ದಿತ್ತು. ಬೀದಿಯವರೆಲ್ಲ ಬಾವಿ ನೀರು ಸೇದಿ ಎರಚಿದೆವು. ಏನೂ ಉಳಿಯಲಿಲ್ಲ.

ಅತಿಥಿಗೆ ಹೇಳಿ ಆಗಿತ್ತಲ್ಲ, ಸಮಾರಂಭ ನಿಲ್ಲಲಿಲ್ಲ. ಪೆಂಡಾಲು ಸ್ಕೂಲ್ ಬಯಲಿಗೆ ಹೋಯಿತು, ಹಾರಗಳು ಬಿದ್ದವು, ಉಪ್ಪಿಟ್ಟು ಖಾಲಿಯಾಯಿತು. ಪುಸ್ತಕಗಳ ಮಹಿಮೆ ಕುರಿತು ಅಷ್ಟುದ್ದ ಭಾಷಣ... ಕೇಳುತ್ತ ಕೇಳುತ್ತ ನನಗೆ ಮೈಯೆಲ್ಲ ಉರಿಯಿತು. ಮಾವನನ್ನು ಯಾರೂ ಕರೆದಿರಲಿಲ್ಲ.

ಓದಲೆಂದು ತಂದಿದ್ದ ಒಂದೇ ಒಂದು ಪುಸ್ತಕ ನಮ್ಮ ಮನೆಯಲ್ಲಿತ್ತು. ಭಾಷಣದ ನಡುವೆಯೇ ಎದ್ದು ಬಂದು, ಅದನ್ನು ತೆಗೆದುಕೊಂಡು ಅವರ ಮನೆಗೆ ಹೋದೆ. ಜಗಲಿಯ ಮೇಲೆ ಕುಳಿತಿದ್ದರು.

"ಮಾವ, ಇದೊಂದು ಉಳ್ಕಂಡೈತೆ" ಎಂದೆ.

ಅವರು ಎರಡೂ ಕೈಗಳನ್ನು ಪಂಚೆಯ ಮಡಿಲಲ್ಲಿ ಮುಚ್ಚಿಕೊಂಡರು. "ನನ್ ಕೈಗೆ ಕೊಡಬ್ಯಾಡ ಕಣವ್ವ. ನಿನ್ ತಾವೇ ಇರ್ಲಿ."

ಆಮೇಲೆ ಅವರು ಯಾವ ಪುಸ್ತಕವನ್ನೂ ಮುಟ್ಟಲಿಲ್ಲವಂತೆ. ಮುಂದಿನ ವರ್ಷ ತೀರಿಕೊಂಡರು. ನಾನಾಗ ದಬ್ಬೇಘಟ್ಟದಲ್ಲಿ ಗಂಡನ ಮನೆಯಲ್ಲಿದ್ದೆ, ಬಸುರಿ. ಮಣ್ಣಿಗೂ ಹೋಗಲಾಗಲಿಲ್ಲ.

ಊರಲ್ಲಿ ಈಗ ಹೊಸ ಲೈಬ್ರರಿಯಿದೆ. ಆ ಪುಸ್ತಕವನ್ನು ಅಲ್ಲಿಗೆ ಕೊಟ್ಟುಬಿಡು ಎನ್ನುತ್ತಾನೆ ಮಗ. ನನಗೆ ಮನಸ್ಸು ಬರುವುದಿಲ್ಲ. ನಾನು ಅದನ್ನು ತಂದದ್ದು ಮಾವನ ಕೈಯಿಂದ. ವಾಪಸು ಕೊಡುವುದಿದ್ದರೆ ಆ ಕೈಗೇ ಕೊಡಬೇಕಿತ್ತು...